ಲಡಾಖ್ ಟ್ರೆಕ್‌ಗೆ ಯಾವ ತ್ರೀಡಿ ಎತ್ತರದ ಮ್ಯಾಪ್ ಕರೆಕ್ಟು? ಲಿಕಿರ್‌ನಿಂದ ಯಾಂಗ್‌ಥಾಂಗ್ ಗೈಡ್ ಇಲ್ದೆ ಹೋಗಬಹುದಾ?
ಅಯ್ಯೋ, ಇದೇ ರೂಟನ್ನ ನಾನೂ ಚಿತ್ರದುರ್ಗದ ಮನೇಲಿ ಕೂತು ಲ್ಯಾಪ್‌ಟಾಪಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದೆ. ಬೇಬಿ ಟ್ರೆಕ್ ಅಂತಾರೆ ಅದನ್ನ, ಮ್ಯಾಪಲ್ಲೂ ಹಂಗೇ ಕಾಣ್ತು, ಎರಡು ಸಣ್ಣ ಪಾಸು (ಬೆಟ್ಟಸಾಲು ದಾಟೋ ಜಾಗ), ಮಧ್ಯೆ ಒಂದು ಹಳ್ಳ, ಆಮೇಲೆ ಊರು. ಮಧ್ಯಾಹ್ನದ ಊಟಕ್ಕೆ ಅಲ್ಲಿರ್ತೀವಿ ಕಣ್ರೋ ಅಂತ ಹುಡುಗ್ರಿಗೆ ಧೈರ್ಯ ಹೇಳ್ದೋನು ನಾನೇ. ಮುಟ್ಟಿದ್ದು ಹೊತ್ತು ಮುಳುಗೋ ಟೈಮಿಗೆ, ನೀರು ಖಾಲಿ, ಒಬ್ಬನಿಗೆ ತಲೆನೋವು ತಡೆಯಕ್ಕಾಗ್ದೆ ವಾಂತಿ. ಮುಂದಿನ ಟ್ರೆಕ್ ಕೈಬಿಟ್ಟು, ಟ್ಯಾಕ್ಸಿಯವ್ನು ಕೇಳಿದಷ್ಟು ಕೊಟ್ಟು ಲೇಹ್‌ಗೆ ವಾಪಸ್.

ಎಡವಟ್ಟು ಆಗಿದ್ದು ಮೌಸಲ್ಲಿ. ಲಿಕಿರ್ ಮೇಲೆ ಒಂದು ಕ್ಲಿಕ್, ಪಾಸ್ ಮೇಲೆ ಒಂದು, ಹಳ್ಳದಲ್ಲಿ ಒಂದು, ಹಿಂಗೆ ಬೆರಳೆಣಿಕೆ ಕ್ಲಿಕ್ಕಲ್ಲಿ ಗೆರೆ ಎಳೆದ್ಬಿಟ್ಟೆ. ಆ ಆ್ಯಪ್ ಚುಕ್ಕಿಯಿಂದ ಚುಕ್ಕಿಗೆ ನೆಟ್ಟಗೆ ಗೆರೆ ಹಾಕಿ, ಆ ಗೆರೆ ಕೆಳಗಿನ ನೆಲದ ಎತ್ತರ ಗ್ರಾಫ್ ಮಾಡಿ ಕೊಡ್ತದೆ ಅಷ್ಟೇ, ಕಾಲುದಾರಿದಲ್ಲ. ಕಾಲುದಾರಿ ಏರಲ್ಲಿ ಹಾವಿನಂಗೆ ಸುತ್ತಿ ಸುತ್ತಿ ಹೋಗ್ತದೆ, ಆ ಸುತ್ತು ಒಂದೂ ಲೆಕ್ಕಕ್ಕೆ ಬಂದಿರ್ಲಿಲ್ಲ. ಆ ಕಮ್ಮಿ ಕಿಲೋಮೀಟರಿಗೆ ನಮ್ಮೂರ ಜೋಗಿಮಟ್ಟಿ ಬೆಟ್ಟ ಹತ್ತೋ ಸ್ಪೀಡ್ ಹಾಕಿ ಟೈಮ್ ಲೆಕ್ಕ, ಆ ಟೈಮಿನ ಮೇಲೆ ನೀರಿನ ಲೆಕ್ಕ. ದಾರಿ ಗೆರೆ ಎಳೆಯೋದಾದ್ರೆ ಸ್ಯಾಟಲೈಟ್ ಚಿತ್ರ ಝೂಮ್ ಮಾಡಿ ಪ್ರತಿ ತಿರುವಿಗೂ ಕ್ಲಿಕ್ ಹಾಕಿ, ಬೇಜಾರಾದ್ರೂ ಸರಿ.

ಯಾವ ಆ್ಯಪ್ ಕರೆಕ್ಟು ಅನ್ನೋ ಪ್ರಶ್ನೇನೇ ನಂಗೆ ಹಿಡಿಸ್ಲಿಲ್ಲ. ಫ್ರೀ ಮ್ಯಾಪ್ ಸುಮಾರಷ್ಟರ ಹಿಂದೆ ಇರೋದು 2000ದ ಫೆಬ್ರವರೀಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆಯ ರೇಡಾರಿಂದ ಅಳೆದ ಡೇಟಾ, ಇಲ್ಲಾ ಅಂಥದ್ದೇ ಇನ್ನೊಂದು. ಸುಮಾರು 30 ಮೀಟರ್ ಚೌಕಕ್ಕೆ ಒಂದೇ ಎತ್ತರ. ಕಡಿದಾದ ಕಣಿವೇಲಿ ರೇಡಾರ್ ನೆರಳು ಬಿದ್ದು ಡೇಟಾ ಖಾಲಿ ಉಳಿದ ಕಡೆ ಬೇರೆ ಕಡೆಯಿಂದ ತಂದು ತುಂಬಿರ್ತಾರೆ. ನಂಬಿಕೆ ಬರ್ಲಿಲ್ಲ ಅಂದ್ರೆ ನಮ್ಮ ಚಿತ್ರದುರ್ಗದ ಕೋಟೆ ತುಪ್ಪದ ಕೊಳದ ಬತೇರಿ (ಬುರುಜು) ಮ್ಯಾಪಲ್ಲಿ ತೆಗೆದು ನೋಡ್ರಿ. ಬಂಡೇಲಿ ಕೊರೆದ ಕುಳಿಗೆ ಕಾಲಿಟ್ಟು, ಕೈ ಊರ್ಕೊಂಡು ಹತ್ತೋ ಜಾಗ ಅದು, ಮ್ಯಾಪಲ್ಲಿ ಸೈಕಲ್ ಹೊಡೀಬಹುದು ಅನ್ನೋ ಥರ ನುಣ್ಣಗೆ ದಿಬ್ಬ. ಮನೆಯಷ್ಟು ದಪ್ಪದ ಗುಂಡುಗಳೆಲ್ಲಾ ಮಾಯ.

ಹಂಗಂತ ಮ್ಯಾಪೆಲ್ಲಾ ಸುಳ್ಳು ಅಂತಲ್ಲ. ಲೇಹ್ ಹತ್ರದ ಖಾರ್ದುಂಗ್ ಲಾ ಅನ್ನೋ ರಸ್ತೆ ಪಾಸಿನ ಬೋರ್ಡು ವರ್ಷಗಟ್ಲೆ 18,380 ಅಡಿ ಅಂತ ಬಡಾಯಿ ಕೊಚ್ಚಿಕೊಳ್ತಿತ್ತು, ಜಿಪಿಎಸ್‌ನಲ್ಲಿ ಅಳೆದ್ರೆ 5,359 ಮೀಟರ್, ಅಂದ್ರೆ 17,600 ಅಡಿನೂ ಇಲ್ಲ. ಅಲ್ಲಿ ಬೋರ್ಡಿಗಿಂತ ಮ್ಯಾಪೇ ವಾಸಿ.

ನಾನಾಗಿದ್ರೆ ಮ್ಯಾಪಲ್ಲಿ ಮೊದ್ಲು ನೋಡೋದು ಪಾಸ್ ಎತ್ತರ ಅಲ್ಲ, ರಾತ್ರಿ ಮಲಗೋ ಜಾಗದ ಎತ್ತರ. ಲೇಹ್ ಊರೇ 3,500 ಮೀಟರ್, ನಮ್ಮ ಪಕ್ಕದ ದಾವಣಗೆರೆ 600 ಚಿಲ್ರೆ, ಫ್ಲೈಟಲ್ಲಿ ಒಂದೇ ದಿನಕ್ಕೆ ಅಷ್ಟು ಮೇಲೆ ಹೋಗಿ ಇಳಿದ್ರೆ ಮೈ ಕೇಳಲ್ಲ, ಗಾಳಿ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗ ಅಷ್ಟೇ ಇರೋದು. ಮೊದ್ಲು ಲೇಹಲ್ಲೇ ಎರಡು ರಾತ್ರಿ ಸುಮ್ನೆ ಬಿದ್ಕೊಳ್ಳಿ. 3,000 ದಾಟಿದ ಮೇಲೆ ಮಲಗೋ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸ್ಬಾರ್ದು ಅಂತಾರೆ ಡಾಕ್ಟ್ರು.

ಗೈಡ್ ಇಲ್ದೆ ಹೋಗಬಹುದಾ ಅಂದ್ರೆ, ಮೊದಲ ಸಲ ಬೇಡ. ಇನ್ನೊಂದು, ಮ್ಯಾಪನ್ನ ಊರಲ್ಲೇ ಆಫ್‌ಲೈನ್ ಇಳಿಸ್ಕೊಂಡು ಹೋಗಿ, ನಮ್ಮ ಕಡೆ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ.