ಅಮಾನಿಕೆರೆ ಪಾರ್ಕ್ ಸಮೀಕ್ಷೆ: ಗೇಟಿನಲ್ಲಿ ನಿಂತರೆ ಸಿಗುವವರು ಯಾರು?

ತುಮಕೂರಿನ ಅಮಾನಿಕೆರೆ ಪಾರ್ಕನ್ನು ಸುತ್ತಮುತ್ತಲಿನವರು ಎಷ್ಟು ಬಳಸುತ್ತಾರೆ ಅಂತ ತಿಳಿಯೋಕೆ ಬೆಳಿಗ್ಗೆ ಗೇಟಿನಲ್ಲಿ ನಿಂತು 500 ಫಾರಂ ತುಂಬಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. 5000 ತುಂಬಿಸಿದರೂ ಸಾಲದು. ನಾನೂ ಮೊದಲು ಗೇಟಿನಿಂದಲೇ ಶುರು ಮಾಡಿದವನು, ಹಾಗಾಗಿ ಇದೊಂದನ್ನು ಸ್ವಲ್ಪ ಎಳೆದೇ ಹೇಳ್ತೀನಿ.

ದಿನಾ ಬರುವವರು 100 ಜನ, ವಾರಕ್ಕೊಮ್ಮೆ ಬರುವವರು 700 ಜನ ಅಂತ ಇಟ್ಟುಕೊಳ್ಳಿ. ಆ 700 ಜನ ಏಳೂ ದಿನಕ್ಕೆ ಸಮನಾಗಿ ಹಂಚಿಹೋದರೆ, ನೀವು ಯಾವ ದಿನ ನಿಂತರೂ ಸಿಗೋದು 100 ಇವರು, 100 ಅವರು. ವರದಿಯಲ್ಲಿ ‘ಅರ್ಧ ಜನ ದಿನಾ ಬರುತ್ತಾರೆ’ ಅಂತ ಬರೀತೀರಿ. ನಿಜ ಏನು? 800ರಲ್ಲಿ 100, ಎಂಟು ಜನಕ್ಕೆ ಒಬ್ಬರು. ಫಾರಂ ಜಾಸ್ತಿ ಮಾಡಿದರೆ ಈ ತಪ್ಪು ಕಮ್ಮಿಯಾಗಲ್ಲ, ಇನ್ನಷ್ಟು ನಂಬಿಕೆ ಹುಟ್ಟಿಸುತ್ತೆ ಅಷ್ಟೆ. ಮೇಲಿಂದ ಬೆಳಿಗ್ಗೆ ಸಿಗುವವರೆಲ್ಲ ವಾಕಿಂಗಿನವರು. ಅವರು ಕೇಳೋದು ವಾಕಿಂಗ್ ಪಾತ್, ಬೆಂಚು. ಸಂಜೆ ಮಕ್ಕಳನ್ನು ಕರ್ಕೊಂಡು ಬರುವ ತಾಯಂದಿರಿಗೆ ಶೌಚಾಲಯದ್ದೇ ಚಿಂತೆ, ಅದು ನಿಮ್ಮ ಪಟ್ಟಿಗೆ ಬರೋದೇ ಇಲ್ಲ. ಪಾರ್ಕಿಗೆ ಕಾಲೇ ಇಡದವರಂತೂ ಗೇಟಿನಲ್ಲಿ ಸಿಗುವ ಮಾತೇ ಇಲ್ಲ. ನನ್ನ ಪ್ರಕಾರ ಸಮೀಕ್ಷೆ ಮಾಡಬೇಕಾದ್ದೇ ಅವರಿಗೋಸ್ಕರ.

ಗೇಟಿನಲ್ಲಿ ನಿಲ್ಲಲೇಬೇಕು ಅಂದರೆ ‘ಸಾಮಾನ್ಯವಾಗಿ ಎಷ್ಟು ಸಲ ಬರ್ತೀರಿ’ ಅಂತ ಕೇಳಬೇಡಿ, ಎಲ್ಲರೂ ದಿನಾ ಅಂತಾರೆ. ‘ಇವತ್ತೂ ಸೇರಿ ಕಳೆದ 7 ದಿನದಲ್ಲಿ ಎಷ್ಟು ದಿನ ಬಂದಿದ್ದಿರಿ’ ಅಂತ ಕೇಳಿ. ಹೆಚ್ಚು ದಿನ ಬರುವವರು ಗೇಟಿನಲ್ಲಿ ಸಿಗೋದೂ ಹೆಚ್ಚು, ಅದನ್ನು ಸರಿದೂಗಿಸೋಕೆ ಪ್ರತಿ ಉತ್ತರಕ್ಕೂ ತೂಕ ಕೊಡಿ, ಅಂದರೆ ಅದನ್ನು ಎಷ್ಟು ಜನರ ಉತ್ತರ ಅಂತ ಎಣಿಸಬೇಕು ಅನ್ನೋದು: 7 ಅಂದವರ ಉತ್ತರಕ್ಕೆ ತೂಕ 1, ಒಂದೇ ದಿನ ಅಂದವರಿಗೆ 7, ಎರಡು ದಿನ ಅಂದವರಿಗೆ 3.5. ಒಳಗೆ ಬರುವವರಲ್ಲಿ ಪ್ರತಿ ಐದನೆಯವರನ್ನೇ ನಿಲ್ಲಿಸಿ. ಆಯ್ಕೆಯನ್ನು ಫಾರಂ ತುಂಬಿಸುವ ಹುಡುಗರ ಕೈಗೆ ಬಿಟ್ಟರೆ ನಗುಮುಖದವರನ್ನೇ ಹಿಡೀತಾರೆ.

ಬಡಾವಣೆಯ ವಾಟ್ಸಾಪ್ ಗುಂಪಿಗೆ ಗೂಗಲ್ ಫಾರ್ಮ್ ಹಾಕೋದಕ್ಕೂ ಇದೇ ರೋಗ. ಆಸಕ್ತಿ ಇರೋರು ಮಾತ್ರ ತುಂಬ್ತಾರೆ.

ಮನೆ ಮನೆಗೆ ಹೋಗಿ. ಕೆರೆಯಿಂದ ಒಂದು ಕಿಲೋಮೀಟರ್ ಒಳಗಿನ ಬೀದಿಗಳ ಪಟ್ಟಿ ಮಾಡಿ, ಚೀಟಿ ಎತ್ತಿ ಬೀದಿ ಆರಿಸಿ. ಆರಿಸಿದ ಬೀದಿಯಲ್ಲಿ ಪ್ರತಿ ಎಂಟನೇ ಮನೆ. ಮಹಡಿ ಮೇಲಿನ ಬಾಡಿಗೆ ಮನೆಯನ್ನೂ ಬೇರೆ ಮನೆ ಅಂತಲೇ ಎಣಿಸಿ, ಇಲ್ಲಾಂದ್ರೆ ಬಾಡಿಗೆದಾರರೆಲ್ಲ ಬಿಟ್ಟುಹೋಗ್ತಾರೆ. ಬಾಗಿಲು ತೆಗೆದವರನ್ನೇ ಕೇಳಬಾರದು. ಹೆಚ್ಚಾಗಿ ಯಜಮಾನರು ಬಂದು ‘ನಮ್ಮನೇಲಿ ಎಲ್ಲರೂ ಹೋಗ್ತಾರೆ’ ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. 18 ದಾಟಿದವರ ಹೆಸರು ವಯಸ್ಸಿನ ಪ್ರಕಾರ ಬರೆದುಕೊಂಡು, ಚೀಟಿಯಲ್ಲಿ ಬಂದ ಸಂಖ್ಯೆಯವರನ್ನೇ ಮಾತಾಡಿಸಿ. ಅವರು ಮನೇಲಿಲ್ಲ ಅಂದರೆ ಬೇರೆ ಬೇರೆ ಹೊತ್ತಿನಲ್ಲಿ, ಒಂದು ಸಲವಾದರೂ ಭಾನುವಾರ, ಮೂರು ಬಾರಿ ಹೋಗಿ. ಬೀಗ ಹಾಕಿದೆ ಅಂತ ಪಕ್ಕದ ಮನೆಗೆ ನುಗ್ಗಬೇಡಿ. ಹಗಲು ಬೀಗ ಹಾಕಿರೋದು ದುಡಿಯೋಕೆ ಹೋದವರ ಮನೆ, ಅವರನ್ನು ಬಿಟ್ಟರೆ ಮತ್ತೆ ಗೇಟಿನ ಲೆಕ್ಕವೇ ಆಯಿತು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆ ಇರುತ್ತೆ, ಆ ವಾರ ಬಿಟ್ಟುಬಿಡಿ.

ಎಷ್ಟು ಜನ? ಹೀಗೆ ಚೀಟಿ ಎತ್ತಿ ಆರಿಸಿದ 96 ಜನ ಉತ್ತರಿಸಿದರೆ ನಿಮ್ಮ ಲೆಕ್ಕ ನಿಜಕ್ಕಿಂತ ಹೆಚ್ಚೆಂದರೆ ಶೇ. 10ರಷ್ಟು ಆಚೀಚೆ (ನೂರರಲ್ಲಿ 95 ಸಲ), 384 ಜನ ಆದರೆ ಶೇ. 5. ತಪ್ಪು ಅರ್ಧ ಆಗಬೇಕು ಅಂದರೆ ಜನ ನಾಲ್ಕು ಪಟ್ಟು ಬೇಕು. ಬೀದಿಗಳನ್ನು ಆರಿಸಿ ಹೋಗುವುದರಿಂದ ಅಕ್ಕಪಕ್ಕದ ಮನೆಯವರು ಒಂದೇ ಥರ ಹೇಳೋದುಂಟು, ಆದ್ದರಿಂದ ಅದರ ಒಂದೂವರೆ ಪಟ್ಟಾದರೂ ಇಟ್ಟುಕೊಳ್ಳಿ. ಹೆಂಗಸರ ಲೆಕ್ಕ ಬೇರೆ, ಗಂಡಸರ ಲೆಕ್ಕ ಬೇರೆ ಬೇಕು ಅಂದರೆ ಎರಡು ಗುಂಪಿಗೂ ಅಷ್ಟಷ್ಟು ಬೇಕು. ಹೆಚ್ಚಿನವರು ಇಲ್ಲೇ ಎಡವೋದು.

ಫಾರಂ ಒಂದೇ ಹಾಳೆ, ಐದು ನಿಮಿಷಕ್ಕೆ ಮುಗೀಬೇಕು. ‘ಪಾರ್ಕ್ ಚೆನ್ನಾಗಿದೆಯಾ’ ಅನ್ನೋ ಪ್ರಶ್ನೆ ತೆಗೆದುಹಾಕಿ, ಯಾರೂ ಚೆನ್ನಾಗಿಲ್ಲ ಅನ್ನಲ್ಲ. ಕೊನೇ ಸಲ ಹೋಗಿದ್ದು ಯಾವಾಗ, ಯಾರ ಜೊತೆ, ಏನು ಮಾಡಿದಿರಿ, ಹೋಗದಿದ್ದರೆ ಏನು ಅಡ್ಡಿ ಅಂತ ಕೇಳಿ. ಅಡ್ಡಿಗಳ ಪಟ್ಟಿ ಓದಿ ಹೇಳಬೇಡಿ, ಅವರೇ ಹೇಳಿದ ಮೇಲೆ ಟಿಕ್ ಹಾಕಿ. ಉರ್ದು ಬಲ್ಲ ಒಬ್ಬ ಹುಡುಗಿ ತಂಡದಲ್ಲಿರಲಿ. ಮೊದಲು ಹತ್ತು ಮನೆಯಲ್ಲಿ ಕೇಳಿ ನೋಡಿ, ಜನ ‘ಅಂದ್ರೆ?’ ಅಂತ ಕೇಳಿದ ಪ್ರಶ್ನೆಗಳನ್ನು ತಿದ್ದಿ.

ಜೊತೆಗೆ ಪಾರ್ಕಿನೊಳಗೆ ತಲೆ ಎಣಿಕೆಯೂ ಆಗಲಿ: ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಾಲ್ಕು, ಆರೂವರೆ. ಗಾಜಿನ ಮನೆಯಲ್ಲಿ ಕಾರ್ಯಕ್ರಮ ಇರುವ ದಿನದ ಎಣಿಕೆಯನ್ನು ಬೇರೆ ಹಾಳೆಯಲ್ಲಿ ಬರೀರಿ.