ಮನೆಯಲ್ಲಿ ಗರ್ಭಿಣಿ ಇದ್ದಾಳೆ, ಅದಕ್ಕೇ ಈ ಗುರುವಾರ ಹೋಗಿ

ಹೆಸರು ಬೇಡ ಎಂದಿರುವ ದಾವಣಗೆರೆ ಜಿಲ್ಲೆಯ ತಾಯಿಗೆ,

ನಿಮ್ಮ ಪತ್ರ ಓದಿದ ಮೇಲೆ ಉಳಿದ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟೆ. ಮಗನಿಗೆ ಹನ್ನೊಂದು ತಿಂಗಳು. ಹದಿನಾಲ್ಕನೇ ವಾರದ ಚುಚ್ಚುಮದ್ದಿನ ನಂತರ ಜ್ವರ ಬಂದು, ತೊಡೆ ಊದಿ, ರಾತ್ರಿಯಿಡೀ ಅತ್ತಿದ್ದ. ಅಂದಿನಿಂದ ಅತ್ತೆ ತಾಯಿ ಕಾರ್ಡನ್ನು ತಮ್ಮ ಬೀರುವಿನಲ್ಲಿಟ್ಟುಕೊಂಡಿದ್ದಾರೆ. ಒಂಬತ್ತು ತಿಂಗಳು ತುಂಬಿದಾಗ ಹಾಕಿಸಬೇಕಾದ ದಡಾರ-ರುಬೆಲ್ಲಾ ಲಸಿಕೆ ಬಾಕಿ ಉಳಿದಿದೆ. ಆಶಾ ಕಾರ್ಯಕರ್ತೆ ಬಂದು ಹೇಳಿಯೂ ಆಗಿದೆ. ಗಂಡ ‘ಅಮ್ಮನನ್ನು ಎದುರು ಹಾಕಿಕೊಳ್ಳಬೇಡ’ ಎನ್ನುತ್ತಾರೆ. ಕೊನೆಯಲ್ಲಿ ಹೀಗೆ ಬರೆದಿದ್ದೀರಿ: ‘ನಾದಿನಿಗೆ ಎರಡು ತಿಂಗಳು, ವಾಂತಿ ಹೆಚ್ಚೆಂದು ತವರಿಗೆ ಬಂದಿದ್ದಾಳೆ. ಮಗು ಅವಳ ಮಡಿಲು ಬಿಟ್ಟು ಇಳಿಯುವುದಿಲ್ಲ. ಇಂಥ ಹೊತ್ತಿನಲ್ಲಿ ರಂಪ ಬೇಡವೆಂದು ನಾನೂ ಸುಮ್ಮನಿದ್ದೇನೆ.’

ಸುಮ್ಮನಿರಲು ನೀವು ಕೊಟ್ಟ ಈ ಕಾರಣವೇ ನನ್ನ ನಿದ್ದೆ ಕೆಡಿಸಿತು. ರುಬೆಲ್ಲಾ ಮಕ್ಕಳಿಗೆ ಬಂದರೆ ಸ್ವಲ್ಪ ಜ್ವರ, ಮೈಮೇಲೆ ಸಣ್ಣ ಗುಳ್ಳೆ. ಎಷ್ಟೋ ಸಲ ಬಂದದ್ದೇ ತಿಳಿಯುವುದಿಲ್ಲ. ಅದೇ ಸೋಂಕು ಮೊದಲ ಮೂರು ತಿಂಗಳ ಗರ್ಭಿಣಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ದೋಷ ಬರುವ ಅಪಾಯ ತೀರಾ ಹೆಚ್ಚು. ಇದನ್ನು ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್, 1941ರಲ್ಲಿ. ಪೊರೆ ತುಂಬಿದ ಕಣ್ಣುಗಳೊಂದಿಗೆ ಹುಟ್ಟಿದ ಶಿಶುಗಳ ತಾಯಂದಿರಿಗೆ ಬಸಿರಿನ ಆರಂಭದಲ್ಲಿ ರುಬೆಲ್ಲಾ ಆಗಿತ್ತೆಂಬುದು ಅವರ ಗಮನಕ್ಕೆ ಬಂತು. 1964-65ರಲ್ಲಿ ಅಮೆರಿಕದಲ್ಲಿ ಈ ಸೋಂಕು ಹಬ್ಬಿದಾಗ ಸುಮಾರು 20,000 ಮಕ್ಕಳು ಇಂಥ ದೋಷಗಳೊಂದಿಗೆ ಹುಟ್ಟಿದರು.

ನಿಮ್ಮ ನಾದಿನಿಗೆ ಈಗ ಆ ಲಸಿಕೆ ಕೊಡುವಂತಿಲ್ಲ, ಗರ್ಭಿಣಿಯರಿಗೆ ಅದು ನಿಷಿದ್ಧ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಅಭಿಯಾನ ನಡೆದಾಗ ಹದಿನೈದು ವರ್ಷದೊಳಗಿನ ಮಕ್ಕಳಿಗಷ್ಟೇ ಕೊಟ್ಟಿದ್ದರು. ಈಗ ಇಪ್ಪತ್ತೇಳರ ಅವಳಿಗೆ ಆಗಲೇ ಆ ವಯಸ್ಸು ದಾಟಿತ್ತು. ಹಾಗಾಗಿ ಅವಳನ್ನು ಕಾಯಬೇಕಾದವರು ಸುತ್ತಲಿನವರು, ಅವಳ ಮಡಿಲಲ್ಲಿ ಕೂರುವ ನಿಮ್ಮ ಮಗ ಮೊದಲಿಗ. ಅವನಿಗೆ ಲಸಿಕೆ ಹಾಕಿಸಿದರೆ ಅದರಿಂದ ಅವಳಿಗೇನೂ ಆಗುವುದಿಲ್ಲ. ಮನೆಯಲ್ಲಿ ಗರ್ಭಿಣಿ ಇದ್ದರೂ ಮಕ್ಕಳಿಗೆ ಧೈರ್ಯವಾಗಿ ಹಾಕಿಸಬಹುದು.

ನಿಮ್ಮ ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ‘ನನ್ನ ಮೂವರಿಗೂ ಅಮ್ಮ ಬಂದು ಹೋಯಿತು, ಬೇವಿನ ಸೊಪ್ಪು ಕಟ್ಟಿದೆವು, ಏನಾಯಿತು?’ ಎಂದು ಕೇಳುತ್ತಾರಲ್ಲ, ಅದು ಅವರು ಕಂಡುಂಡ ಮಾತು. ಅವರ ಮಕ್ಕಳು ಉಳಿದರು. ದಡಾರಕ್ಕೆ 1963ರಲ್ಲಿ ಲಸಿಕೆ ಬಂತು. ಅದು ಎಲ್ಲೆಡೆ ಹರಡುವ ಮುನ್ನ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನ ಅದರಿಂದ ಸಾಯುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಜ್ವರದಲ್ಲಿ ಬೇಯುವ ಮೊಮ್ಮಗನನ್ನು ರಾತ್ರಿಯೆಲ್ಲ ಎತ್ತಿಕೊಂಡು ಓಡಾಡಿದವರು ಅವರೇ ಎಂದು ನೀವೇ ಬರೆದಿದ್ದೀರಿ. ಆ ಭಯಕ್ಕೆ ಕಾರಣವಿದೆ.

ಸಿಟ್ಟು ನಿಮ್ಮ ಗಂಡನ ಮೇಲೆ. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಸಂದೇಶವನ್ನು ತಾಯಿಯ ಮೊಬೈಲ್‌ಗೆ ಕಳಿಸಿದವರು ಅವರೇ! ಆ ಗುಲ್ಲು ಹುಟ್ಟಿದ್ದು 1998ರಲ್ಲಿ ಹನ್ನೆರಡು ಮಕ್ಕಳನ್ನು ಮುಂದಿಟ್ಟುಕೊಂಡು ಬರೆದ ಒಂದು ಲೇಖನದಿಂದ. 2010ರಲ್ಲಿ ಪತ್ರಿಕೆ ಅದನ್ನು ಹಿಂಪಡೆಯಿತು, ಬರೆದ ವೈದ್ಯರ ನೋಂದಣಿಯೇ ರದ್ದಾಯಿತು. ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಪರಿಶೀಲಿಸಿದಾಗಲೂ ಅಂಥ ನಂಟು ಸಿಗಲಿಲ್ಲ. ಇಷ್ಟನ್ನು ಹುಡುಕಿ ಓದದೆ ಸಂದೇಶ ರವಾನಿಸಿ, ಈಗ ‘ನೀವಿಬ್ಬರೂ ಬಗೆಹರಿಸಿಕೊಳ್ಳಿ’ ಎಂದರೆ ಹೇಗೆ?

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಮಗುವಿನ ಕಾರ್ಡು ಹೆತ್ತವಳ ಕೈಯಲ್ಲಿರಬೇಕು. ಮನೆಯ ನೆಮ್ಮದಿಗೆಂದು ಸೊಸೆಯೊಬ್ಬಳೇ ಬಾಯಿ ಮುಚ್ಚಿಕೊಳ್ಳಬೇಕೆನ್ನುವುದನ್ನು ನಾನು ಒಪ್ಪುವುದಿಲ್ಲ.

ಆದ್ದರಿಂದ ಒಂದೇ ಮಾತು. ಈ ಗುರುವಾರ ಬೆಳಗ್ಗೆ ಮಗನನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ. ಯಾರ ಅಪ್ಪಣೆಗೂ ಕಾಯಬೇಡಿ. ಬೀರು ತೆರೆಯದಿದ್ದರೆ ಕಾರ್ಡಿಲ್ಲದೆಯೇ ಹೋಗಿ, ಮಗುವಿನ ವಿವರ ಆಶಾ ಅವರ ಪುಸ್ತಕದಲ್ಲಿರುತ್ತದೆ. ಮಧ್ಯಾಹ್ನದವರೆಗೆ ತಡಮಾಡಬೇಡಿ, ಈ ಲಸಿಕೆಯ ಸೀಸೆ ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಬಳಸಿಬಿಡಬೇಕು. ಬಲತೋಳಿಗೆ ಚುಚ್ಚಿ, ಬಾಯಿಗೆ ವಿಟಮಿನ್ ಎ ಹನಿ ಹಾಕುತ್ತಾರೆ. ಸಾಧ್ಯವಾದರೆ ಅತ್ತೆಯನ್ನೂ ಕರೆದುಕೊಂಡು ಹೋಗಿ, ನರ್ಸ್ ಹೇಳುವುದನ್ನು ಅವರೂ ಕೇಳಲಿ. ಜ್ವರ ಬಂದರೆ ಈ ಸಲ ಅದೇ ರಾತ್ರಿ ಬರುವುದಕ್ಕಿಂತ ವಾರ ಕಳೆದ ಮೇಲೆ ಬರುವ ಸಾಧ್ಯತೆ ಹೆಚ್ಚು. ಒಂದೆರಡು ದಿನದಲ್ಲಿ ಇಳಿಯುತ್ತದೆ. ಇದನ್ನು ಅತ್ತೆಗೆ ಮೊದಲೇ ಹೇಳಿಟ್ಟಿರಿ.

ನಾದಿನಿಗೂ ಅಂದೇ ಎಲ್ಲವನ್ನೂ ತಿಳಿಸಿ. ಮುಂದಿನ ತಪಾಸಣೆಯಲ್ಲಿ ರುಬೆಲ್ಲಾ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಅವಳು ಕೇಳಲಿ. ರಕ್ಷಣೆ ಇಲ್ಲವೆಂದಾದರೆ ಹೆರಿಗೆಯಾದ ಮೇಲೆ ಹಾಕಿಸಿಕೊಳ್ಳಬಹುದು. ನಿಮ್ಮ ಮಗನಿಗೆ ಎರಡನೇ ಡೋಸ್ ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ. ಅದಕ್ಕೆ ಕರೆದುಕೊಂಡು ಹೋಗುವ ಹೊಣೆ ಅವನ ಅಪ್ಪನದು.