ಹಾಗಾದರೆ ಯುದ್ಧ ಬೇಕು ಅಂದವರು ಯಾರು?

ಪತ್ರದ ಸಾರಾಂಶ: ನಿಮ್ಮ ಹಿಂದಿನ ಸಂಚಿಕೆಯ ಇರಾಕ್ ಲೇಖನದಲ್ಲಿ, 2003ರಲ್ಲಿ ಅಮೆರಿಕ, ಬ್ರಿಟನ್ ಸೇರಿ ಇರಾಕ್ ಮೇಲೆ ಯುದ್ಧಕ್ಕೆ ಹೋದಾಗ ಬ್ರಿಟನ್ನಿನ ಅರ್ಧಕ್ಕಿಂತ ಜಾಸ್ತಿ ಜನ ಅದರ ಪರ ಇದ್ದರು ಎಂದು ಬರೆದಿದ್ದೀರಿ. ನನ್ನ ಮಗಳು ಲಂಡನ್ನಿನಲ್ಲಿದ್ದಾಳೆ. ಹೋದ ವರ್ಷ ಕೆಲವು ತಿಂಗಳು ಅಲ್ಲಿದ್ದೆ. ದಿನಾ ಪಾರ್ಕಿನಲ್ಲಿ ಸಿಗುತ್ತಿದ್ದ ನನ್ನ ವಯಸ್ಸಿನ ಏಳು ಜನರನ್ನು ಕೇಳಿದೆ. ಏಳೂ ಜನ 'ನಾವು ಮೊದಲಿಂದಲೂ ವಿರೋಧಿಸಿದ್ದೆವು' ಅಂದರು. ಹಾಗಾದರೆ ಬೇಕು ಅಂದವರು ಯಾರು? ಸಮೀಕ್ಷೆ ಸುಳ್ಳೋ, ಈ ಜನ ಸುಳ್ಳೋ? ಎಲ್ಲ ಮುಗಿದ ಮೇಲೆ 'ತಪ್ಪಾಯಿತು' ಅಂದರೆ ಅದಕ್ಕೇನು ಬೆಲೆ? ನಿಮ್ಮ ಪತ್ರಿಕೆ ಆಗ ಏನು ಬರೆದಿತ್ತು? ಅಂದ ಹಾಗೆ, ಬ್ರಿಟನ್ ಸಂಸತ್ತಿನ ಮತದ ಲೆಕ್ಕ ತಪ್ಪಾಗಿದೆ, ನೋಡಿಕೊಳ್ಳಿ.
– ಒಬ್ಬ ನಿವೃತ್ತ ಮೇಷ್ಟ್ರು

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪಾರ್ಕಿನ ಏಳು ಜನ ಬೇಕಂತಲೇ ಸುಳ್ಳು ಹೇಳಿರಲಿಕ್ಕಿಲ್ಲ. ಸಮೀಕ್ಷೆಯೂ ಸುಳ್ಳಲ್ಲ. ಎರಡೂ ನಿಜ ಹೇಗಾಗುತ್ತೆ ಅಂತ ಕೇಳ್ತೀರಿ, ಗೊತ್ತು. ಸ್ವಲ್ಪ ತಾಳಿ.

ಯೂಗವ್ ಎಂಬ ಸಮೀಕ್ಷಾ ಸಂಸ್ಥೆ 2003ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಬ್ರಿಟನ್ನಿನ ಜನರನ್ನು 21 ಸಲ ಕೇಳಿತ್ತು: ಇರಾಕ್ ಮೇಲೆ ಸೇನೆ ಕಳಿಸಿದ್ದು ಸರಿಯೋ ತಪ್ಪೋ? ಸರಾಸರಿ ತೆಗೆದರೆ ಶೇ. 54 ಜನ ಸರಿ ಅಂದಿದ್ದರು, ಶೇ. 38 ಜನ ತಪ್ಪು ಅಂದಿದ್ದರು. ಹನ್ನೆರಡು ವರ್ಷ ಕಳೆದು 2015ರಲ್ಲಿ ಅದೇ ಸಂಸ್ಥೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿತು. 'ಆಗ, 2003ರಲ್ಲಿ, ನಿಮಗೆ ಏನನ್ನಿಸಿತ್ತು?' ಈ ಸಲ 'ಸರಿ ಅನ್ನಿಸಿತ್ತು' ಅಂದವರು ಶೇ. 37 ಮಾತ್ರ. 'ಆಗಲೇ ತಪ್ಪು ಅನ್ನಿಸಿತ್ತು' ಅಂದವರು ಶೇ. 43.

ಹದಿನೇಳು ಅಂಶ ಎಲ್ಲಿ ಹೋಯಿತು? ಒಂದಿಷ್ಟು ವಿನಾಯಿತಿ ಕೊಡಲೇಬೇಕು. ಎರಡೂ ಸಲ ಉತ್ತರ ಕೊಟ್ಟವರು ಅದದೇ ಜನ ಅಲ್ಲ. 2003ರಲ್ಲಿ ಸ್ಕೂಲಿಗೆ ಹೋಗುತ್ತಿದ್ದ ಮಕ್ಕಳು 2015ರಲ್ಲಿ ದೊಡ್ಡವರಾಗಿದ್ದರು, ಹಿರಿಯರು ಕೆಲವರು ತೀರಿಕೊಂಡಿದ್ದರು. ಆದರೂ ಇಷ್ಟು ದೊಡ್ಡ ಕಂದಕ ಅದರಿಂದಲೇ ತುಂಬೋದಿಲ್ಲ. ಲಕ್ಷಾಂತರ ಜನ ತಮ್ಮ ಅಭಿಪ್ರಾಯ ಬದಲಾಯಿಸಿದ್ದರ ಜೊತೆಗೆ, ಬದಲಾಯಿಸಿದ್ದನ್ನೇ ಮರೆತಿದ್ದರು.

ಮನಸ್ಸು ಹೀಗೆ ಮಾಡುತ್ತೆ ಅನ್ನೋದಕ್ಕೆ ಹಳೆಯ ಪ್ರಯೋಗಗಳೇ ಇವೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೊರಟಿದ್ದರು. ಬರೂಕ್ ಫಿಶಾಫ್ ಎಂಬ ಸಂಶೋಧಕ ಮತ್ತು ಅವರ ಸಹೋದ್ಯೋಗಿ ಸೇರಿ, ಈ ಭೇಟಿಯಲ್ಲಿ ಏನೇನಾಗಬಹುದು ಅಂತ ವಿದ್ಯಾರ್ಥಿಗಳಿಂದ ಮೊದಲೇ ಬರೆಸಿಕೊಂಡರು. ಚೀನಾದ ನಾಯಕ ಮಾವೋ ಭೇಟಿಯಾಗುತ್ತಾ? ಆಗೋದಾದರೆ ನೂರಕ್ಕೆ ಎಷ್ಟು ಪಾಲು? ನಿಕ್ಸನ್ ಹೋಗಿ ಬಂದ ಮೇಲೆ ಅದೇ ವಿದ್ಯಾರ್ಥಿಗಳನ್ನು ಕರೆದು, ನೀವು ಆಗ ಎಷ್ಟು ಅಂತ ಬರೆದಿದ್ದಿರಿ, ನೆನಪು ಮಾಡಿಕೊಳ್ಳಿ ಅಂದರು. ನಡೆದ ಘಟನೆಗಳಿಗೆ ತಾವು ಕೊಟ್ಟಿದ್ದಕ್ಕಿಂತ ಜಾಸ್ತಿ ಅಂಕ ಕೊಟ್ಟಿದ್ದೆವು ಅಂತಲೇ ಹೆಚ್ಚಿನವರ ನೆನಪು. 'ನಂಗೆ ಮೊದಲೇ ಗೊತ್ತಿತ್ತು' ಅನ್ನೋ ಮಾತು ಇದೆಯಲ್ಲ, ಅದು ಕಾಗದದ ಮೇಲೆ ಸಿಕ್ಕಿಬಿದ್ದಿದ್ದು ಹೀಗೆ.

ಬ್ರಿಟನ್ನಿನವರಿಗೆ ಇನ್ನೂ ಒಂದು ಅನುಕೂಲ ಇತ್ತು. 2003ರ ಫೆಬ್ರವರಿ 15ರಂದು ಲಂಡನ್ನಿನಲ್ಲಿ ಯುದ್ಧ ಬೇಡ ಅಂತ ಭಾರಿ ಮೆರವಣಿಗೆ ನಡೆಯಿತು. ಪೊಲೀಸರ ಲೆಕ್ಕವೇ ಏಳೂವರೆ ಲಕ್ಷ. ಆಯೋಜಕರು ಇನ್ನೂ ಬಹಳ ಹೇಳಿದರು. ಆ ಫೋಟೋ ಎಲ್ಲರ ಕಣ್ಣಲ್ಲೂ ಉಳಿದಿದೆ. ಆ ದಿನ ಮನೆಯಲ್ಲಿ ಟೀವಿ ಮುಂದೆ ಕೂತು 'ಇವರಿಗೆ ಬೇರೆ ಕೆಲಸ ಇಲ್ವಾ' ಅಂದವರಿಗೆ ಫೋಟೋ ಇಲ್ಲ. ಹಾಗಾಗಿ ಇಪ್ಪತ್ತು ವರ್ಷದ ಮೇಲೆ ನೆನಪು ಎಲ್ಲಿ ಹೋಗಿ ನಿಲ್ಲುತ್ತೆ ಹೇಳಿ? ಫೋಟೋ ಇರುವ ಕಡೆಗೇ.

ಈಗ ನಿಮ್ಮ ಇರಿಯುವ ಪ್ರಶ್ನೆ. ನಮ್ಮ ಪತ್ರಿಕೆ ಏನು ಬರೆದಿತ್ತು?

ನಿಜ ಹೇಳ್ತೀನಿ, ಪತ್ರ ಓದಿದ ಕೂಡಲೇ ನನಗೆ ಖುಷಿಯಾಯಿತು. ಯಾಕೆಂದರೆ ಆಗ ಯುದ್ಧದ ಬಗ್ಗೆ ನಮ್ಮಲ್ಲಿ ಬಂದ ಟಿಪ್ಪಣಿ ಬರೆದವನು ನಾನೇ. ಆಗ ನಾನಿಲ್ಲಿ ಕಿರಿಯ ಉಪಸಂಪಾದಕ. 'ಊರು ಗೆಲ್ಲೋದು ಒಂದು ತಿಂಗಳ ಕೆಲಸ, ಊರು ನಡೆಸೋದು ಎಷ್ಟು ವರ್ಷದ್ದು ಅಂತ ಯಾರೂ ಹೇಳ್ತಿಲ್ಲ' ಎಂದು ಬರೆದಿದ್ದೆ. ಈ ವಾಕ್ಯವನ್ನು ಎಷ್ಟು ಕಡೆ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಅಂತೂ ತಪ್ಪದೆ ಹೇಳಿದ್ದೇನೆ.

ನಿಮಗೆ ಪುಟದ ಸಂಖ್ಯೆ ಕೊಡೋಣ ಅಂತ 2003ರ ಬೈಂಡ್ ಮಾಡಿದ ಸಂಪುಟ ಇಳಿಸಿದೆ. ಅದರ ಜೊತೆ ಆ ವರ್ಷದ ಪ್ರೂಫ್ ಕಟ್ಟೂ ಸಿಕ್ಕಿತು. ದಾರ ಬಿಚ್ಚಿದರೆ ಅಂಚೆಲ್ಲ ಪುಡಿ ಪುಡಿ. ಬಾಗ್ದಾದ್ ಕೈಗೆ ಬಂದ ವಾರದ್ದು, ಏಪ್ರಿಲ್ ತಿಂಗಳ ಟಿಪ್ಪಣಿ. ಮೊದಲ ಎರಡು ಪ್ಯಾರಾ ನನ್ನವೇ, ನೀಲಿ ಶಾಯಿಯಲ್ಲಿ ನನ್ನದೇ ತಿದ್ದುಪಡಿಗಳು. ಅದರಲ್ಲಿ ಇರೋದು ಇಷ್ಟು: ಇರಾಕಿನ ಸರ್ವಾಧಿಕಾರಿ ಸದ್ದಾಮ್ ಹೋದದ್ದು ಒಳ್ಳೆಯದಾಯಿತು, ದಾರಿ ಸರಿ ಇಲ್ಲದಿದ್ದರೂ ಫಲ ಸಿಹಿಯಾಗಬಹುದು, ಇರಾಕಿನ ಜನ ಇನ್ನಾದರೂ ನೆಮ್ಮದಿಯಿಂದ ಇರಲಿ. ಅಂದರೆ ಯುದ್ಧಕ್ಕೆ ಮೆಲ್ಲಗೆ ತಲೆ ಆಡಿಸಿದ್ದೆ. ನಾನು ಊರೆಲ್ಲ ಹೇಳಿಕೊಂಡು ತಿರುಗಿದ ಆ ವಾಕ್ಯ ಬದಿಯಲ್ಲಿ, ಪೆನ್ಸಿಲ್ಲಿನಲ್ಲಿ ಇದೆ. ಅಕ್ಷರ ನನ್ನದಲ್ಲ. ಆಗಿನ ಸಂಪಾದಕರದ್ದು. ಅವರು ಅದನ್ನು ಸೇರಿಸಿ, ಬಾಣದ ಗುರುತು ಹಾಕಿ, ಪಕ್ಕದಲ್ಲಿ 'ಇದು ಬೇಡ್ವಾ?' ಅಂತ ನನ್ನನ್ನು ಕೇಳಿದ್ದಾರೆ. ನಾನು ಕೆಳಗೆ 'ಸ್ಥಳ ಇದ್ದರೆ' ಅಂತ ಬರೆದಿದ್ದೇನೆ!

ಸ್ಥಳ ಇತ್ತು, ಸದ್ಯ. ಟಿಪ್ಪಣಿ ಅಚ್ಚಾಯಿತು. ಆಮೇಲೆ ಇಪ್ಪತ್ತು ವರ್ಷದಲ್ಲಿ ಅವರ ವಾಕ್ಯ ನನ್ನದಾಯಿತು, ನನ್ನ ಎರಡು ಪ್ಯಾರಾ ಯಾರದ್ದೂ ಅಲ್ಲದೆ ಹೋಯಿತು. ಅವರು ಈಗಿಲ್ಲ, ಕ್ಷಮೆ ಕೇಳೋಣ ಅಂದರೆ.

ಹಾಗಾಗಿ ನಿಮ್ಮ ಪಾರ್ಕಿನ ಏಳು ಜನರ ಜೊತೆ ಎಂಟನೆಯವನಾಗಿ ನನ್ನನ್ನೂ ಸೇರಿಸಿಕೊಳ್ಳಿ.

ಒಂದು ಮಾತು ಅವರ ಪರವಾಗಿಯೂ ಹೇಳಬೇಕು. 2003ರಲ್ಲಿ 'ಸರಿ' ಅಂದವರೆಲ್ಲ ರಕ್ತ ಬೇಕು ಅಂದವರಲ್ಲ. ಸದ್ದಾಮ್ 1988ರಲ್ಲಿ ಹಲಬ್ಜಾದ ಕುರ್ದರ ಮೇಲೆ ವಿಷಾನಿಲ ಬಿಟ್ಟಿದ್ದ. 1990ರಲ್ಲಿ ಕುವೈತ್ ನುಂಗಿದ್ದ. 2001ರ ಸೆಪ್ಟೆಂಬರ್ 11ರ ಭಯ ಇನ್ನೂ ಹಸಿಯಾಗಿತ್ತು. ಇಷ್ಟೆಲ್ಲ ಎದುರಿಗಿದ್ದಾಗ ಒಬ್ಬ ಸಾಮಾನ್ಯ ಮನುಷ್ಯ 'ಹೋಗಲಿ, ತೆಗೆದುಹಾಕಲಿ' ಅಂದುಕೊಂಡರೆ ಅದರಲ್ಲಿ ಅರ್ಥವಾಗದ್ದು ಏನಿಲ್ಲ. ಈಗ ಹಿಂತಿರುಗಿ ನೋಡಿದರೆ ಎಲ್ಲವೂ ಮೊದಲೇ ಬರೆದಿಟ್ಟ ಹಾಗೆ ಕಾಣುತ್ತೆ. ಆಗ ಹಾಗಿರಲಿಲ್ಲ.

ಆದರೆ 'ನಮ್ಮನ್ನು ಮೋಸ ಮಾಡಿದರು, ನಮಗೇನು ಗೊತ್ತಿತ್ತು' ಅನ್ನೋ ಮಾತನ್ನೂ ನಾನು ಪೂರ್ತಿ ಒಪ್ಪೋದಿಲ್ಲ. ಮೋಸ ಇತ್ತು, ನಿಜ. ಯುದ್ಧಕ್ಕೆ ಕಾರಣ ಅಂತ ಹೇಳಿದ್ದ ಸಾಮೂಹಿಕ ನಾಶದ ಅಸ್ತ್ರಗಳ ದಾಸ್ತಾನು ಇರಾಕಿನಲ್ಲಿ ಇರಲಿಲ್ಲ ಅಂತ 2004ರಲ್ಲಿ ಅಮೆರಿಕವೇ ಕಳಿಸಿದ್ದ ಹುಡುಕಾಟದ ತಂಡ ವರದಿ ಕೊಟ್ಟಿತು. ಆದರೆ ಅನುಮಾನಕ್ಕೆ ಬೇಕಾದ ಸಾಮಾನೂ ಮೊದಲೇ ಮೇಜಿನ ಮೇಲಿತ್ತು. ವಿಶ್ವಸಂಸ್ಥೆಯ ತಪಾಸಣೆಗಾರರು 2002ರ ನವೆಂಬರ್‌ನಿಂದ ಇರಾಕಿನಲ್ಲೇ ಹುಡುಕುತ್ತಿದ್ದರು, ಸಿಗುತ್ತಿರಲಿಲ್ಲ, ಇನ್ನಷ್ಟು ಸಮಯ ಬೇಕು ಅನ್ನುತ್ತಿದ್ದರು. ಬ್ರಿಟನ್ನಿನ ಮಾಜಿ ವಿದೇಶಾಂಗ ಸಚಿವ ರಾಬಿನ್ ಕುಕ್ ಮಾರ್ಚ್ 17ರಂದು ಸಂಪುಟಕ್ಕೆ ರಾಜೀನಾಮೆ ಕೊಟ್ಟು, ನಾವು ಅಂದುಕೊಂಡಿರುವಂಥ ಅಸ್ತ್ರಗಳು ಅಲ್ಲಿ ಪ್ರಾಯಶಃ ಇಲ್ಲ ಅಂತ ಸಂಸತ್ತಿನಲ್ಲೇ ಹೇಳಿದರು. ಟೀವಿಯಲ್ಲಿ ಬಂತು. ಕೇಳಿಸಿಕೊಂಡೆವು, ಆಮೇಲೆ ಚಾನೆಲ್ ಬದಲಾಯಿಸಿದೆವು.

ಇನ್ನೊಂದು ಕಹಿ ಸಂಗತಿ. ಜನರಿಗೆ ಯುದ್ಧ ತಪ್ಪು ಅನ್ನಿಸಲು ಶುರುವಾದದ್ದು ಅದು ಕೆಟ್ಟ ಮೇಲೆ. 2003ರ ಏಪ್ರಿಲ್‌ನಲ್ಲಿ ಬಾಗ್ದಾದಿನಲ್ಲಿ ಸದ್ದಾಮನ ಪ್ರತಿಮೆ ಉರುಳಿದಾಗ ಬ್ರಿಟನ್ನಿನಲ್ಲಿ ಬೆಂಬಲ ಮೂರನೇ ಎರಡು ಪಾಲಿನ ಹತ್ತಿರ ಏರಿತ್ತು. ಅಸ್ತ್ರ ಸಿಗಲಿಲ್ಲ, ಬಾಂಬು ನಿಲ್ಲಲಿಲ್ಲ, ಶವಪೆಟ್ಟಿಗೆಗಳು ಬರತೊಡಗಿದವು, ಬೆಂಬಲ ಇಳಿಯಿತು. ಅಕಸ್ಮಾತ್ ಎಲ್ಲ ಸುಸೂತ್ರವಾಗಿ ಆಗಿದ್ದರೆ? ನಿಮ್ಮ ಏಳೂ ಜನ 'ನಾವು ಮೊದಲಿಂದಲೂ ಪರವಾಗಿದ್ದೆವು' ಅನ್ನುತ್ತಿದ್ದರೇನೋ. ನಾನಂತೂ ನನ್ನ ಎರಡು ಪ್ಯಾರಾ ಕಟ್ಟು ಹಾಕಿಸಿ ಗೋಡೆಗೆ ಹಾಕುತ್ತಿದ್ದೆ.

ಇದು ರಾಜಕಾರಣಿಗಳಿಗೂ ತಟ್ಟಿದೆ. ಕುವೈತ್‌ನಿಂದ ಇರಾಕನ್ನು ಓಡಿಸಲು ನಡೆದ 1991ರ ಕೊಲ್ಲಿ ಯುದ್ಧಕ್ಕೆ ಅಮೆರಿಕದ ಸಂಸತ್ತಿನ ಮೇಲ್ಮನೆ ಸೆನೆಟ್ ಒಪ್ಪಿದ್ದು 52-47ರ ಕೂದಲೆಳೆಯಲ್ಲಿ. ಆಗ ಸೆನೆಟರ್‌ಗಳಾಗಿದ್ದ ಜೋ ಬೈಡನ್, ಜಾನ್ ಕೆರಿ ಇಬ್ಬರೂ ಬೇಡ ಅಂದಿದ್ದರು. ಆ ಯುದ್ಧ ಬೇಗ ಮುಗಿದು ಗೆಲುವೂ ಸಿಕ್ಕಿತು. ಬೇಡ ಅಂದವರು ಪೆಚ್ಚಾದರು. 2002ರ ಅಕ್ಟೋಬರ್‌ನಲ್ಲಿ ಮತ್ತೆ ಇರಾಕ್ ವಿಷಯ ಬಂದಾಗ ಅದೇ ಇಬ್ಬರೂ ಹೂಂ ಅಂದರು, ಈ ಸಲ 77-23. ಹಳೆಯ ಮುಜುಗರವೇ ಹೂಂ ಅನ್ನಿಸಿತು ಅಂತ ಖಡಾಖಂಡಿತ ಹೇಳಲಾರೆ. ನನಗೆ ಹಾಗೆ ಕಾಣುತ್ತೆ.

ವಿಯೆಟ್ನಾಂ ಕಥೆ ಎಲ್ಲರಿಗೂ ಗೊತ್ತಿರೋದೇ, ಒಂದೇ ಒಂದು ವಿಷಯ ಹೇಳಿ ಮುಂದೆ ಹೋಗ್ತೀನಿ. 1964ರಲ್ಲಿ ಯುದ್ಧಕ್ಕೆ ದಾರಿ ಮಾಡಿಕೊಟ್ಟ ನಿರ್ಣಯಕ್ಕೆ ಸೆನೆಟ್‌ನಲ್ಲಿ ಬೇಡ ಅಂದವರು ಇಬ್ಬರೇ, ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. 1965ರ ಗ್ಯಾಲಪ್ ಸಮೀಕ್ಷೆಯಲ್ಲಿ ಯುದ್ಧ ತಪ್ಪು ಅಂದವರು ನಾಲ್ಕನೇ ಒಂದು ಭಾಗದಷ್ಟು. 1968ರ ಆಗಸ್ಟ್ ಹೊತ್ತಿಗೆ ಅರ್ಧ ದಾಟಿತ್ತು. ಅದೇ 1968ರಲ್ಲಿ ಮೋರ್ಸ್, ಗ್ರೂನಿಂಗ್ ಇಬ್ಬರೂ ತಮ್ಮ ಸ್ಥಾನ ಕಳೆದುಕೊಂಡರು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೂ, ಮೊದಲೇ ಸರಿ ಹೇಳಿದವನಿಗೆ ಜನ ಹಾರ ಹಾಕಿ ಕರೆತರುತ್ತಾರೆ ಅಂದುಕೊಳ್ಳಬೇಡಿ.

ಎಲ್ಲ ಮುಗಿದ ಮೇಲೆ 'ತಪ್ಪಾಯಿತು' ಅಂದರೆ ಏನು ಬೆಲೆ ಅಂತ ಕೇಳಿದಿರಿ. ಅದಕ್ಕೆ ಒಬ್ಬ ಮನುಷ್ಯನ ಕಥೆ ಹೇಳ್ತೀನಿ.

ವಾಲ್ಟರ್ ಜೋನ್ಸ್ ಅಂತ, ನಾರ್ತ್ ಕ್ಯಾರೊಲಿನಾದ ರಿಪಬ್ಲಿಕನ್ ಸಂಸದ. ಮಿಲಿಟರಿ ನೆಲೆ ಇರುವ ಕ್ಷೇತ್ರ ಅವರದ್ದು. ಇರಾಕ್ ಯುದ್ಧಕ್ಕೆ ಹೂಂ ಅಂತ ಮತ ಹಾಕಿದರು. ಫ್ರಾನ್ಸ್ ಈ ಯುದ್ಧಕ್ಕೆ ಒಪ್ಪಲಿಲ್ಲ ಅನ್ನೋ ಸಿಟ್ಟಿಗೆ 2003ರ ಮಾರ್ಚ್‌ನಲ್ಲಿ ಸಂಸತ್ತಿನ ಕ್ಯಾಂಟೀನಿನಲ್ಲಿ 'ಫ್ರೆಂಚ್ ಫ್ರೈಸ್' ಹೆಸರನ್ನು 'ಫ್ರೀಡಂ ಫ್ರೈಸ್' ಅಂತ ಬದಲಾಯಿಸಿಬಿಟ್ಟರಲ್ಲ, ಅದಕ್ಕೆ ಮುಂದೆ ನಿಂತವರಲ್ಲಿ ಇವರೂ ಒಬ್ಬರು. ಜಗತ್ತೆಲ್ಲ ನಕ್ಕಿತು. ಮುಂದಿನ ತಿಂಗಳೇ ತಮ್ಮ ಕ್ಷೇತ್ರದಲ್ಲಿ ಒಬ್ಬ ಸೈನಿಕನ ಅಂತ್ಯಕ್ರಿಯೆಗೆ ಹೋದರು. ಚಿಕ್ಕ ಮಕ್ಕಳನ್ನು ಬಿಟ್ಟು ಹೋಗಿದ್ದ ಹುಡುಗ. ಅಲ್ಲಿಂದ ಈ ಮನುಷ್ಯನಿಗೆ ನಿದ್ದೆ ಹತ್ತಲಿಲ್ಲ. ಸತ್ತ ಸೈನಿಕರ ಮನೆಗಳಿಗೆ ಕಾಗದ ಬರೆಯಲು ಶುರು ಮಾಡಿದರು. ವರ್ಷಗಟ್ಟಲೆ ಬರೆದರು. ಹತ್ತು ಸಾವಿರ ದಾಟಿತು. ಕಚೇರಿಯ ಹೊರಗಿನ ಗೋಡೆಯುದ್ದಕ್ಕೂ ಸತ್ತವರ ಫೋಟೋ ಹಾಕಿಸಿದರು, ಒಳಗೆ ಬರುವವರೆಲ್ಲ ಆ ಮುಖಗಳನ್ನು ದಾಟಿಯೇ ಬರಬೇಕು. 2005ರಲ್ಲಿ, ತಮ್ಮ ಪಕ್ಷದ್ದೇ ಸರ್ಕಾರ ಇದ್ದಾಗ, ಸೇನೆ ವಾಪಸ್ ಕರೆಸಲು ದಿನ ಗೊತ್ತು ಮಾಡಿ ಅಂತ ನಿರ್ಣಯ ತಂದರು. ಕ್ಯಾಂಟೀನಿನ ಪಟ್ಟಿಯಲ್ಲಿ 2006ರಲ್ಲಿ ಹಳೆಯ ಹೆಸರು ಸದ್ದಿಲ್ಲದೆ ವಾಪಸ್ ಬಂತು. ಜೋನ್ಸ್ ಮಾತ್ರ 2019ರಲ್ಲಿ ತೀರಿಕೊಳ್ಳುವವರೆಗೂ ಸದ್ದು ಮಾಡುತ್ತಲೇ ಇದ್ದರು.

ಈ ಮನುಷ್ಯ ನನಗೆ ಯಾಕೆ ಮುಖ್ಯ ಅಂದರೆ, ಅವರು ತಾವು ಹಾಕಿದ ಮತದಿಂದ ನುಣುಚಿಕೊಳ್ಳಲಿಲ್ಲ. ನಾನು ಮತ ಹಾಕಿದೆ, ಹಾಕಬಾರದಿತ್ತು, ಆ ಕಾಗದಗಳು ಅದಕ್ಕೆ ಪ್ರಾಯಶ್ಚಿತ್ತ ಅಂದರು. ಸತ್ತವರು ಎದ್ದು ಬರಲಿಲ್ಲ, ಸರಿ. ಆದರೆ ಹೂಂ ಅಂದವನು ಹೇಗೆ ಹೂಂ ಅಂದ ಅಂತ ತಿಳಿಯಬೇಕಾದರೆ, 'ಹೌದು, ಅಂದೆ' ಅಂತ ಒಪ್ಪುವ ಒಬ್ಬನಾದರೂ ಸಿಗಬೇಕಲ್ಲ ಮೇಷ್ಟ್ರೇ. ನಿಮ್ಮ ಏಳು ಜನರಿಂದ ಅದನ್ನು ತಿಳಿಯಲು ದಾರಿಯೇ ಇಲ್ಲ.

ನಮ್ಮ ಕಸುಬಿನವರ ವಿಷಯವೂ ಒಂದಿದೆ. ಅಸ್ತ್ರಗಳ ಬಗ್ಗೆ ಕಣ್ಣುಮುಚ್ಚಿ ನಂಬಿ ಬರೆದ ವರದಿಗಳಿಗಾಗಿ ನ್ಯೂಯಾರ್ಕ್ ಟೈಮ್ಸ್ 2004ರ ಮೇ 26ರಂದು ಸಂಪಾದಕರ ಟಿಪ್ಪಣಿ ಹಾಕಿತು. ಇನ್ನೂ ಗಟ್ಟಿಯಾಗಿ ಪರೀಕ್ಷಿಸಬೇಕಿತ್ತು ಅಂತ ಒಪ್ಪಿಕೊಂಡಿತು. ದೊಡ್ಡ ಮನಸ್ಸೇ. ಆದರೆ ಆ ವರದಿಗಳಲ್ಲಿ ಹಲವು ಬಂದಿದ್ದು ಮುಖಪುಟದಲ್ಲಿ. ತಪ್ಪೊಪ್ಪಿಗೆ ಬಂದಿದ್ದು ಹತ್ತನೇ ಪುಟದಲ್ಲಿ.

ಕೊನೆಗೆ ನೀವು ತೋರಿಸಿದ ತಪ್ಪು. 2003ರ ಮಾರ್ಚ್ 18ರಂದು ಬ್ರಿಟನ್ ಸಂಸತ್ತಿನಲ್ಲಿ ಯುದ್ಧದ ಪರ ಬಿದ್ದ ಮತ 412, ವಿರುದ್ಧ 149. ನಮ್ಮಲ್ಲಿ 194 ಅಂತ ಅಚ್ಚಾಗಿದೆ, ಅಂಕಿ ಅದಲು ಬದಲು. ಪ್ರೂಫ್ ನೋಡಿದವನು ಬೇರೆ ಯಾರೂ ಅಲ್ಲ, ನಾನೇ. ಆ ಲೇಖನ ಶುರುವಾಗಿದ್ದು ಮೂರನೇ ಪುಟದಲ್ಲಿ. ಈ ಸಂಚಿಕೆಯ ತಿದ್ದುಪಡಿಯನ್ನೂ ಮೂರನೇ ಪುಟದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ ಹಾಕಿದ್ದೇವೆ. ಅದರ ಕೆಳಗೆ 2003ರ ಏಪ್ರಿಲ್ ಟಿಪ್ಪಣಿಯ ಪ್ರೂಫ್ ಫೋಟೋ ಇದೆ. ಪೆನ್ಸಿಲ್ ಅಕ್ಷರ ಸ್ವಲ್ಪ ಮಸುಕಾಗಿದೆ, ಬೆಳಕಿಗೆ ಹಿಡಿದು ನೋಡಿ.

– ಸಂಪಾದಕ